ಸೂಜಿ ಡಾಕ್ಟ್ರು ತೋಡಿದ ಗುಂಡಿ

ನನ್ನ ಸೋದರಮಾವನನ್ನು ಊರವರು ಸೂಜಿ ಡಾಕ್ಟ್ರು ಅಂತಲೇ ಕರೆಯುವುದು. ಅವನು ಡಾಕ್ಟ್ರಲ್ಲ, ದನದ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕಂಪೌಂಡರ್ ಆಗಿದ್ದವನು. ನಿಜವಾದ ಡಾಕ್ಟ್ರು ವಾರಕ್ಕೆರಡು ದಿನ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಸಹಿ ಹಾಕಿ ಹೋಗುತ್ತಿದ್ದರು. ಕೊಟ್ಟಿಗೆ ಕೊಟ್ಟಿಗೆ ಅಲೆಯುವುದು, ಒದೆಸಿಕೊಳ್ಳುವುದು, ಸಗಣಿಯಲ್ಲಿ ಮೊಣಕಾಲೂರಿ ಸೂಜಿ ಚುಚ್ಚುವುದು ಎಲ್ಲ ಮಾವನ ಪಾಲಿಗೆ.

ಅವನಿಗೆ ದನಗಳ ನರಳಾಟ ಕೇಳಲಾಗದು. ಅದೇ ಮುಳುವಾಯಿತು. ನೋವಿನ ಇಂಜೆಕ್ಷನ್ ಹೊಸದಾಗಿ ಬಂದಾಗ, ಗುಣವಾಗುವ ದನಕ್ಕೆ ಮಾತ್ರ ಕೊಡಿ ಎಂದು ಡಾಕ್ಟ್ರು ಹೇಳಿದ್ದರು. ಮಾವ ಇನ್ನೆರಡು ದಿನದಲ್ಲಿ ಸಾಯುವ ದನಕ್ಕೂ ಚುಚ್ಚಿದ. "ಹೋಗೋ ಜೀವ, ನೋವಿಲ್ದೆ ಹೋಗ್ಲಿ ಬಿಡಿ," ಎನ್ನುತ್ತಿದ್ದ. ಜನ ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು.

ಸತ್ತ ದನಗಳನ್ನು ಊರಾಚೆಯ ಬಯಲಿಗೆ ಹಾಕುತ್ತಿದ್ದರು. ಅಲ್ಲಿ ರಣಹದ್ದುಗಳಿದ್ದವು. ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ: ಬೋಳು ಕತ್ತು, ಹರಕಲು ಕೋಟು ತೊಟ್ಟವರಂಥ ರೆಕ್ಕೆ, ಸದಾ ಜಗಳ. ಒಂದು ದನ ಹಾಕಿದರೆ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಬರೀ ಮೂಳೆ. ನಾರುವುದಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ. ಹಾಗಂತ ಅವುಗಳ ಬಗ್ಗೆ ಒಂದು ಒಳ್ಳೆಯ ಮಾತಾಡಿದವರನ್ನು ನಾನು ಕಾಣೆ.

ಆಮೇಲೆ ಅವು ಮರದ ಮೇಲೆ ಕತ್ತು ಜೋತುಹಾಕಿ ಕೂರತೊಡಗಿದವು. ಒಂದೊಂದಾಗಿ ಉದುರಿದವು. ಐದಾರು ವರ್ಷದಲ್ಲಿ ಆಕಾಶ ಖಾಲಿ. ಪೀಡೆ ತೊಲಗಿತು ಅಂದವರೂ ಇದ್ದರು, ಮೂರ್ಖರು. ಪೀಡೆ ಶುರುವಾದದ್ದೇ ಆಗ. ಸತ್ತ ದನ ಮೂರು ವಾರ ಬಿದ್ದು ಕೊಳೆಯಿತು. ಬಾವಿಯ ನೀರು ಕೆಟ್ಟಿತು. ತಿಂದು ಕೊಬ್ಬಿದ ನಾಯಿಗಳು ಹಿಂಡು ಹಿಂಡಾದವು. ಒಂದು ಹುಚ್ಚುನಾಯಿ ಹಾಲಿನವಳ ಮಗಳನ್ನು ಕಚ್ಚಿತು. ಒಂಬತ್ತು ವರ್ಷದ ಹುಡುಗಿ, ಉಳಿಯಲಿಲ್ಲ.

ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ಅಧಿಕಾರಿಯೊಬ್ಬರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಾವನಿಗೆ ಬಿಡಿಸಿ ಹೇಳಿದರು. ಆ ಇಂಜೆಕ್ಷನ್ ದನದ ಮೈಯಲ್ಲಿ ಉಳಿಯುತ್ತದೆ, ತಿಂದ ರಣಹದ್ದಿನ ಮೂತ್ರಪಿಂಡ ಹಾಳಾಗುತ್ತದೆ, ಒಂದು ಹಿಂಡು ನೆಲಕಚ್ಚಲು ಒಂದು ದನ ಸಾಕು.

"ಸಾಯೋ ದನಕ್ಕೆ ಯಾರು ಇದನ್ನ ಕೊಡ್ತಿದ್ರು?" ಎಂದು ಅವರು ಕೇಳಿದರು.

"ನಾನೇ," ಎಂದ ಮಾವ.

ಅವನೊಬ್ಬನೇ ಅಲ್ಲ, ನೂರಾರು ಊರುಗಳಲ್ಲಿ ನೂರಾರು ಕಂಪೌಂಡರುಗಳು ಕೊಟ್ಟಿದ್ದರು. ಹಾಗಂತ ಹೇಳಿದರೆ ಮಾವ ಕೇಳಬೇಕಲ್ಲ! ನಿವೃತ್ತನಾದವನು ಊರಿನ ಸತ್ತ ದನಗಳನ್ನು ಹೂಳುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡ. ಮೊದಮೊದಲು ಜೊತೆಗೆ ನಾಲ್ಕು ಜನ ಬಂದರು. ಆಮೇಲೆ ಯಾರೂ ಬರಲಿಲ್ಲ. ಹತ್ತಿದ ವಾಸನೆ ಹೋಗದ ಬಟ್ಟೆಯಲ್ಲಿ ನಮ್ಮ ಬಾಗಿಲಲ್ಲಿ ಕೂತು, "ಹಕ್ಕಿ ಕೆಲಸ ಮನುಷ್ಯ ಮಾಡಿದ್ರೆ ಸೊಂಟ ಬಿದ್ದೋಗುತ್ತೆ ಕಣೇ," ಎನ್ನುತ್ತಿದ್ದ.

ಹೋದ ವರ್ಷ ಹಳೇ ಕಲ್ಲುಕ್ವಾರಿಯ ಗೋಡೆಯಲ್ಲಿ ಎರಡು ರಣಹದ್ದು ಗೂಡು ಕಟ್ಟಿದವು. ಇಪ್ಪತ್ತೆರಡು ವರ್ಷದ ಮೇಲೆ! ಮಾವ ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದ. ಆ ಇಂಜೆಕ್ಷನ್ ಮುಟ್ಟದ ದನ ಸತ್ತರೆ ಮಾತ್ರ ಅವಕ್ಕೆಂದು ಬಯಲಿಗೆ ಹಾಕಿಸುತ್ತಿದ್ದ. ಆದರೆ ಅವು ಯಾಕೋ ಬಯಲಿಗೆ ಇಳಿಯಲೇ ಇಲ್ಲ. ಇವನು ಮಾತ್ರ ದೂರದಲ್ಲಿ ಕೂತು ಕಾಯುತ್ತಿದ್ದ, ಮದುವೆ ಮನೆಯಲ್ಲಿ ಬೀಗರನ್ನು ಕಾಯುವವನ ಹಾಗೆ.

ಹೀಗಿರುವಾಗ ನಮ್ಮಮ್ಮನ ಹದಿನೆಂಟು ವರ್ಷದ ಹಸು, ಕೆಂಪಿ, ಬಿದ್ದಿತು. ಹಿಂಗಾಲು ಸತ್ತು ಹೋಗಿತ್ತು. ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು. ಹಕ್ಕಿಗೆ ಹಾನಿ ಮಾಡದ ಹೊಸ ಔಷಧಿ ಆಸ್ಪತ್ರೆಯಲ್ಲಿ ಮುಗಿದು, ಬರಲು ನಾಲ್ಕು ದಿನ ಬೇಕಿತ್ತು. ಹಳೆಯದನ್ನು ದನಕ್ಕೆ ಕೊಡಬಾರದೆಂದು ಸರ್ಕಾರ ನಿಷೇಧಿಸಿದ್ದರೂ ಮನುಷ್ಯರ ಔಷಧಿ ಅಂಗಡಿಯಲ್ಲಿ ಈಗಲೂ ಸಿಗುತ್ತದೆ.

"ತಂದು ಚುಚ್ಚೋ," ಅಂದಳು ಅಮ್ಮ.

"ಆಗಲ್ಲ ಅಕ್ಕಾ."

"ಊರ ದನಕ್ಕೆಲ್ಲ ಕೊಟ್ಟೆ. ನನ್ನ ಕೆಂಪಿಗೆ ಕೊಡೋಕೆ ಕೈ ಬರಲ್ವಾ? ಆ ಹೆಣ ತಿನ್ನೋ ಹಕ್ಕಿ ನಿಂಗೆ ಅಕ್ಕನಿಗಿಂತ ಹೆಚ್ಚಾಯ್ತಾ?"

ಮಾವ ಹೋಗಿ ಒಲೆಯ ಮೇಲೆ ನೀರಿಟ್ಟ. ಇಡೀ ದಿನ ಕೊಟ್ಟಿಗೆಯಲ್ಲಿ ಕೂತು ಬಿಸಿನೀರಲ್ಲಿ ಅದ್ದಿದ ಗೋಣಿಯಿಂದ ಕೆಂಪಿಯ ಸೊಂಟಕ್ಕೆ ಶಾಖ ಕೊಟ್ಟ. ಅದು ಕೂಗುತ್ತಲೇ ಇತ್ತು. ಎರಡನೆಯ ದಿನ ಮಧ್ಯಾಹ್ನ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಅರ್ಧ ಗಂಟೆಗೆ ಸಣ್ಣ ಪೊಟ್ಟಣ ಹಿಡಿದು ಬಂದ. ಕೆಂಪಿಯ ಕತ್ತು ಸವರಿ ಸೂಜಿ ಚುಚ್ಚಿದ. ಕೆಂಪಿ ಸುಮ್ಮನಾಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸತ್ತಿತ್ತು.

ಗುಂಡಿ ತೋಡುವ ಯಂತ್ರದವನಿಗೆ ಫೋನ್ ಮಾಡಿದರೆ ಸೋಮವಾರ ಬರುತ್ತೇನೆ ಅಂದ. ಅಂದು ಗುರುವಾರ. ಹಕ್ಕಿಗೂ ನಾಯಿಗೂ ಸಿಗದ ಹಾಗೆ ಆಳಕ್ಕೆ ಹೂಳಬೇಕು, ಅದೂ ಇವತ್ತೇ. ಟ್ರ್ಯಾಕ್ಟರಿನಲ್ಲಿ ಕೆಂಪಿಯನ್ನು ಬಯಲಿಗೆ ಸಾಗಿಸಿ, ಅರವತ್ತೆಂಟು ವರ್ಷದ ಮಾವ ಗುದ್ದಲಿ ಎತ್ತಿದ. ನಾನು ಸಲಿಕೆ ಹಿಡಿದೆ. ಮೊಳದಷ್ಟು ತೋಡುವುದರೊಳಗೆ ನನ್ನ ಅಂಗೈ ಬೊಬ್ಬೆ ಎದ್ದಿತು, ಮಾವನಿಗೆ ಏದುಸಿರು. ಅಮ್ಮ ಹಸುವಿನ ತಲೆಯ ಹತ್ತಿರ ಮುಖ ಊದಿಸಿಕೊಂಡು ಕೂತಿದ್ದಳು.

ಆಗ ನೆಲದ ಮೇಲೆ ಒಂದು ದೊಡ್ಡ ನೆರಳು ಹಾದು ಹೋಯಿತು. ಹಿಂದೆಯೇ ಇನ್ನೊಂದು.

ಮಾವ ತಲೆಯೆತ್ತಿದ. ರೆಕ್ಕೆ ಅಲುಗಿಸದೆ ಎರಡೂ ನಮ್ಮ ನೆತ್ತಿಯ ಮೇಲೆ ಸುತ್ತುತ್ತಿದ್ದವು. ಒಂದೊಂದು ಸುತ್ತಿಗೂ ಒಂದಿಷ್ಟು ಕೆಳಗೆ. ಅವನ ಮುಖ ಒಂದು ಕ್ಷಣ ಅರಳಿದ್ದನ್ನು ನಾನು ನೋಡಿದೆ. ಮರುಕ್ಷಣವೇ ಗುದ್ದಲಿ ಎಸೆದು, ಹೆಗಲ ಮೇಲಿನ ಟವೆಲ್ ಬೀಸುತ್ತ ಓಡಿದ.

"ಹೋಗ್ರೋ! ಮುಟ್ಟಬೇಡಿ, ಹೋಗಿ!"

ಒಂದು ಇಳಿದೇಬಿಟ್ಟಿತು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಇಪ್ಪತ್ತೆರಡು ವರ್ಷ ಕಾದ ಅತಿಥಿಯ ಮೇಲೆ ಮಾವ ಮಣ್ಣಿನ ಹೆಂಟೆ ಎಸೆದ. ಎಸೆಯುತ್ತ ಅಳುತ್ತಿದ್ದ. ನಾಲ್ಕು ಹೆಂಟೆಗೆ ದಣಿದು ಅಲ್ಲೇ ಕುಸಿದು ಕೂತ. ಹಕ್ಕಿ ಕತ್ತು ಕೊಂಕಿಸಿ ನೋಡಿತು, ಎರಡು ಹೆಜ್ಜೆ ಮುಂದಿಟ್ಟಿತು.

ಅಮ್ಮ ಎದ್ದಳು. ಟ್ರ್ಯಾಕ್ಟರಿನಿಂದ ಟಾರ್ಪಾಲು ಎಳೆದು ತಂದು ಕೆಂಪಿಯ ಮೇಲೆ ಹೊದಿಸಿ, ಅಂಚಿಗೆ ಕಲ್ಲಿಟ್ಟಳು. ಆಮೇಲೆ ಹಕ್ಕಿಗೂ ಹಸುವಿಗೂ ನಡುವೆ ಹೋಗಿ ನಿಂತಳು.

"ಇವತ್ತು ಇಲ್ಲ ಕಣಪ್ಪ," ಅಂದಳು ಅದಕ್ಕೆ. "ಇನ್ನೊಂದಿನ ಬಾ."

ಸಂಜೆ ನಾವು ಗುಂಡಿ ತೋಡಿ ಮುಗಿಸಿ ಮಣ್ಣು ಮುಚ್ಚುವ ತನಕ ಅಮ್ಮ ಅಲ್ಲಿಂದ ಅಲುಗಲಿಲ್ಲ.