ಹೊಸ್ತಿಲು ದಾಟದ ಹುಳು

"ಮುಳಬಾಗಿಲಿನ ಆವಲಪ್ಪನ ಮಗಳು ಬೆಂಗಳೂರಲ್ಲಿ ರೇಷ್ಮೆಹುಳದ ಹೊಟ್ಟೆ ಸೀಳೋದು ಓದ್ತಾಳಂತೆ ಕಣೇ!" ಎಂದು ಅಶ್ವತ್ಥಮ್ಮ ನಲ್ಲಿಯ ಹತ್ತಿರ ಹೇಳಿದಾಗ, ಲಕ್ಕೂರಿನ ಭಾರತಮ್ಮ ಬಿಂದಿಗೆ ಇಳಿಸಿ ನಕ್ಕುಬಿಟ್ಟಳು. "ಸೀಳೋಕೂ ಓದಬೇಕೇನೇ?" ಅದು ಎಂಬತ್ತಮೂರನೇ ಇಸವಿ.

ವಾರ ಕಳೆಯುವಷ್ಟರಲ್ಲಿ ಆ ಹುಡುಗಿ, ಗಂಗರತ್ನಮ್ಮ, ಭಾರತಮ್ಮನ ಬಾಗಿಲಿಗೇ ಬಂದಳು. ಬೆಂಗಳೂರಿಗೆ ಸೇರುವ ಮುಂಚೆ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಓದಿದವಳು, ಮಾತು ನೆಟ್ಟಗೆ.

"ದೊಡ್ಡಮ್ಮಾ, ನಮ್ಮ ಕಾಲೇಜಿನ ಫಾರಂ ಹುಳಕ್ಕೆಲ್ಲ ರೋಗ ಬಂದು ಹೋಯ್ತು. ಈ ಬೆಳೇಲಿ ಕೆಲಸ ಮುಗೀದಿದ್ರೆ ಅಪ್ಪ ಓದು ಬಿಡಿಸ್ತಾರೆ, ಗಂಡು ನೋಡಿಟ್ಟವ್ರೆ. ಗೂಡು ಕಟ್ಟೋಕೆ ತಯಾರಾಗಿರೋ ಹುಳ ಒಂದು ಹಿಡಿ ಕೊಡಿ."

ರೇಷ್ಮೆಹುಳು ಸಾಕುವ ಭಾರತಮ್ಮನ ಮನೆಯಲ್ಲೊಂದು ಕಟ್ಟುಪಾಡಿತ್ತು: ಗೂಡು ಬಿಡಿಸುವ ತನಕ ಜೀವವಿರುವ ಹುಳು ಹೊಸ್ತಿಲು ದಾಟಬಾರದು, ದಾಟಿದರೆ ಬೆಳೆಯೂ ಅದರ ಹಿಂದೆಯೇ ಹೋಗುತ್ತದೆ.

"ಆಗಲ್ಲಮ್ಮ. ಅಲ್ಲ, ಹೊಟ್ಟೇಲಿ ಹುಡುಕೋದಾದ್ರೂ ಏನೇ?"

ಗಂಗರತ್ನಮ್ಮ ಹಗ್ಗದ ಮೇಲೆ ಒಣಗಿದ್ದ ಗಂಜಿ ಹಾಕಿದ ಸೀರೆಯನ್ನು ಹಿಡಿದಳು. "ಆರ್‌ಎನ್‌ಎ ಅಂತ ಒಂದು ಎಳೆ, ಕಣ್ಣಿಗೆ ಕಾಣಲ್ಲ. ಅದಿಲ್ದೆ ಹುಳ ರೇಷ್ಮೆ ಮಾಡಲ್ಲ. ಎಳೆ ಹುಟ್ಟಿದ ಮೇಲೆ ಅಲ್ಲಲ್ಲಿ ರಾಸಾಯನಿಕದ ಪುಟ್ಟ ಗುರುತು ಕೂರುತ್ತೆ. ಗಂಜಿ ಕುಡಿದ ಕಡೆ ನಿರಿಗೆ ನಿಲ್ಲಲ್ವಾ? ಹಂಗೇ ಕೆಲವು ಗುರುತು ಎಳೇನ ಬಿಗಿ ಮಾಡುತ್ತೆ, ಕೆಲವು ಸಡಿಲ ಮಾಡುತ್ತೆ. ಮಡಿಕೆ ಸರಿಯಾಗಿ ಕೂತ್ರೇನೇ ಪ್ರೋಟೀನು ಬಂದು ಹಿಡ್ಕೊಳ್ಳೋದು."

"ಹೊಟ್ಟೆಯೊಳಗೆ ಗಂಜಿ ಹಾಕೋರು ಯಾರೇ?"

"ಅದೂ ಇನ್ನೊಂದು ಪ್ರೋಟೀನೇ, ದೊಡ್ಡಮ್ಮ!"

ಭಾರತಮ್ಮ ತಟ್ಟೆಗಳ ಕಡೆ ನೋಡಿದಳು. ಹುಳುಗಳು ಸೊಪ್ಪು ಮೇಯುವ ಸದ್ದು ಜಡಿಮಳೆಯಂತಿತ್ತು. ಕಟ್ಟು ಮುರಿಯುವ ಹೆಂಗಸಲ್ಲ ಅವಳು. ಹುಡುಗಿಯನ್ನು ಬರಿಗೈಯಲ್ಲಿ ಕಳಿಸುವವಳೂ ಅಲ್ಲ.

"ಜೀವ ಇರೋದು ದಾಟಬಾರದು ಅಂತ ತಾನೇ? ಇಲ್ಲೇ ಕೂತು ಸೀಳು. ಸ್ನಾನ ಮಾಡ್ಕೊಂಡು ಒಳಗೆ ಬಾ."

ಮರುದಿನ ಗಂಗರತ್ನಮ್ಮ ಐಸ್ ತುಂಬಿದ ಫ್ಲಾಸ್ಕ್ ತಂದಳು. ಒದ್ದೆ ತಲೆಯಲ್ಲೇ ನಡುಮನೆಯಲ್ಲಿ ಕೂತು, ಹುಳುವಿನ ಬೆನ್ನು ಬಿಡಿಸಿ, ಗಾಜಿನ ಬಳೆಚೂರಿನಂತೆ ಹೊಳೆಯುವ ರೇಷ್ಮೆ ಗ್ರಂಥಿಗಳನ್ನು ಒಂದೊಂದಾಗಿ ಐಸಿಗೆ ಹಾಕಿದಳು. ಆ ಸಲ ಭಾರತಮ್ಮನಿಗೆ ಗೂಡೂ ಚೆನ್ನಾಗಿಯೇ ಬಂತು.

ದೀಪಾವಳಿಯ ಹೊತ್ತಿಗೆ ಹುಡುಗಿ ಮತ್ತೆ ಬಂದಳು. "ಹಿಡ್ಕೊಂಡ್ತು ದೊಡ್ಡಮ್ಮ! ಗುರುತಿರೋ ಎಳೇನ ಪ್ರೋಟೀನು ಗಟ್ಟಿಯಾಗಿ ಹಿಡ್ಕೊಂಡ್ತು. ಗುರುತಿಲ್ದೇ ಇರೋದು ಸಡಿಲವಾಗಿ ಮಡಚ್ಕೊಂಡ್ತು, ಅದನ್ನ ಸರಿಯಾಗಿ ಹಿಡೀಲೇ ಇಲ್ಲ. ಅಪ್ಪ ಗಂಡಿನ ಮನೆಯವರಿಗೆ ಬೇಡ ಅಂದ್ಬಿಟ್ರು."

"ಹಂಗಾದ್ರೆ ಮುಗೀತಲ್ಲ?"

"ಎಲ್ಲಿ ಮುಗೀತು? ಗುರುತು ಯಾವಾಗ ಕೂರುತ್ತೆ ಅಂತ ನೋಡಬೇಕಲ್ಲ."

ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದನ್ನು ಜ್ವರ ಎನ್ನುತ್ತಾರೆ; ಆಗ ಅದನ್ನು ಯಾರೂ ಮುಟ್ಟುವುದಿಲ್ಲ. ಓದು ಮುಗಿಸಿ ಮೈಸೂರಿಗೆ ಕೆಲಸಕ್ಕೆ ಹೋಗುವ ಮುಂಚೆ ಗಂಗರತ್ನಮ್ಮ ಕೊನೆಯದಾಗಿ ಕೇಳಿದ್ದು ಅದನ್ನೇ:

"ಜ್ವರದಲ್ಲಿ ಮಲಗಿರೋ ಹುಳಾನೂ ಬೇಕು, ದೊಡ್ಡಮ್ಮ, ಆಗಲೇ ಗುರುತು ಕೂತಿರುತ್ತಾ ಅಂತ ನೋಡೋಕೆ. ನನ್ನ ಕೈ ಒರಟು. ನೀವೇ ಎತ್ತಿ ಕೊಡ್ತೀರಾ?"