ಅಡುಗೆಮನೆಯ ಮೇಲೆ ನೀಲಿ ಗೆರೆ

ಸಿಂಗಸಂದ್ರದ ನಮ್ಮ ಬೀದಿಯಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೆ ಅದಕ್ಕೊಂದು ಅರ್ಥವಿರುತ್ತದೆ. ಬ್ರೋಕರ್ ಆದರೆ ಗೇಟಿನ ಫೋಟೋ ತೆಗೆಯುತ್ತಾನೆ. ಕಂದಾಯದವರು ಮಹಡಿ ಎಣಿಸುತ್ತ ಕತ್ತು ಮೇಲೆತ್ತುತ್ತಾರೆ. ಆ ದಿನ ಬೆಳಿಗ್ಗೆ ಬಂದ ಹುಡುಗಿ ಇದ್ಯಾವುದನ್ನೂ ಮಾಡಲಿಲ್ಲ. ನಮ್ಮ ಮನೆಗೆ ಅಂಟಿಕೊಂಡಂತಿರುವ ಮಾರಮ್ಮನ ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತಳು. ಕೈಯಲ್ಲಿದ್ದ ಟ್ಯಾಬ್ಲೆಟ್ ನೋಡಿದಳು, ಗುಡಿ ನೋಡಿದಳು, ಆಮೇಲೆ ನಮ್ಮ ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಕಿಟಕಿಯ ಒಳಗೆ ನಾನು ಅವರೆಕಾಳು ಹಿಸುಕುತ್ತಿದ್ದೆ.

"ಯಾರು ಬೇಕಿತ್ತಮ್ಮ?" ಅಂದೆ.

"ಯಾರೂ ಬೇಡ ಆಂಟಿ. ಈ ಗುಡಿ ಎಷ್ಟು ಹಳೇದು?"

"ಅದು ನಿಂಗ್ಯಾಕೆ?"

ಕಾಲೇಜೊಂದರ ಪರಿಸರ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ. ಊರು ಊರಾಗಿದ್ದ ಕಾಲದಲ್ಲಿ ಮಳೆನೀರು ಯಾವ ದಾರಿಯಲ್ಲಿ ಕೆರೆಗೆ ಹೋಗುತ್ತಿತ್ತು ಅಂತ ನಕ್ಷೆ ಮಾಡುತ್ತಾಳಂತೆ. ನೀರಿನ ದಾರಿ ಅಂದರೆ ರಾಜಕಾಲುವೆ, ರಾಜಕಾಲುವೆ ಅಂದರೆ ಒತ್ತುವರಿ, ಒತ್ತುವರಿ ಅಂದರೆ ಮನೆ ಮುಂದೆ ಜೆಸಿಬಿ. ಹೊಸೂರು ರಸ್ತೆಯ ಆಸುಪಾಸಿನಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಒಳಗೆ ಕರೆದು ಕಾಫಿ ಕೊಟ್ಟೆ. ಉಪಚಾರಕ್ಕಲ್ಲ, ಆ ಟ್ಯಾಬ್ಲೆಟ್‌ನಲ್ಲಿ ಏನಿದೆ ನೋಡಬೇಕಾಗಿತ್ತು. ಅವಳು ಬಚ್ಚಿಡಲೂ ಇಲ್ಲ. ಆಕಾಶದಿಂದ ತೆಗೆದ ನಮ್ಮ ಬೀದಿಯ ಚಿತ್ರ. ನಮ್ಮ ತಾರಸಿ, ಅದರ ಮೇಲೆ ಕಪ್ಪು ನೀರಿನ ಟ್ಯಾಂಕು. ಅದರ ಮೇಲೆ ತೆಳ್ಳನೆಯ ಪರದೆಯ ಹಾಗೆ ಹಳೆಯ ಗ್ರಾಮ ನಕ್ಷೆ. ಆ ನಕ್ಷೆಯಲ್ಲೊಂದು ನೀಲಿ ಗೆರೆ. ಮೇಲಿನ ಶಾಲೆಯ ಕಡೆಯಿಂದ ಇಳಿದು, ಸೀದಾ ನಮ್ಮ ಅಡುಗೆಮನೆ ಹೊಕ್ಕು, ಹಿತ್ತಲಿನಿಂದ ಹೊರಟು ಕೆರೆಗೆ ಹೋಗಿತ್ತು.

"ಜಿಐಎಸ್ ಅಂತೀವಿ ಆಂಟಿ. ಹಳೇ ನಕ್ಷೆನ ಹೊಸ ಚಿತ್ರದ ಮೇಲೆ ಕೂರಿಸೋದು. ಎರಡರಲ್ಲೂ ಇರೋ ಜಾಗಗಳನ್ನ ಹುಡುಕಿ ಒಂದಕ್ಕೊಂದು ಹೊಂದಿಸ್ಬೇಕು. ಕೆರೆ ತೂಬು, ಊರಿನ ಗಡಿಕಲ್ಲು, ಈ ಗುಡಿ."

ರವಿಕೆ ಬಟ್ಟೆಯ ಮೇಲೆ ಪೇಪರ್ ಕಟಿಂಗ್ ಇಟ್ಟು ಗುಂಡುಪಿನ್ನು ಚುಚ್ಚುವ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಪಿನ್ನು ತಪ್ಪಿದರೆ ತೋಳು ಸೊಟ್ಟಗಾಗುತ್ತದೆ.

"ಗುಡಿ ಹತ್ರ ಮಾತ್ರ ಸರಿಯಾಗಿ ಕೂರ್ತಿಲ್ಲ. ಎಳ್ದಂಗಾಗ್ತಿದೆ. ಅದಕ್ಕೇ ಬಂದೆ," ಅಂದಳು. ಹೋಗುವಾಗ ಫೋನ್ ನಂಬರು ಬರೆದುಕೊಟ್ಟಳು.

ನಾನು ನಂಬಲಿಲ್ಲ. ಮನೆ ಬೀಳಿಸುವವರು ಮೊದಲು ಹೀಗೇ ನಯವಾಗಿ ಬರುತ್ತಾರೆ. ಕೆರೆಯ ಆಚೆ ಏಳುತ್ತಿರುವ ಅಪಾರ್ಟ್‌ಮೆಂಟಿನವರೇ ಗೆರೆಯನ್ನು ಈ ಕಡೆ ತಳ್ಳಿಸುತ್ತಿರಬಾರದೇಕೆ? ಕೆಲಸದಿಂದ ಬಂದ ನಮ್ಮ ಮನೆಯವರು ಕೇಳಿ, "ಅವಳ ಕೈಲಿದ್ದದ್ದು ಟ್ಯಾಬ್ಲೆಟ್ ಅಲ್ಲ ಕಣೇ, ಜೆಸಿಬಿ ಕೀ. ಅದಕ್ಕೆ ಕಾಫಿ ಬೇರೆ ಕೊಟ್ಟು ಕಳಿಸಿದ್ದೀಯ," ಅಂದರು.

ಮಾರನೆಯ ದಿನ ಎದುರು ಮನೆಯ ಓನರ್ ಗೇಟಿಗೆ ಬಂದರು. ಅವರು ಮೂಲ ಊರಿನವರು. ಅವರ ರಾಗಿ ಹೊಲವೇ ಈಗ ನಾಲ್ಕು ಮಹಡಿಯ ಬಾಡಿಗೆ ಕಟ್ಟಡ. ಅದರ ಕೆಳಗಿನ ರೂಮುಗಳಲ್ಲಿ ರಾಯಚೂರು, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಇದ್ದಾರೆ. ಕಸದ ಜಗಳ ಬಿಟ್ಟು ಬೇರೆ ಮಾತು ನಮ್ಮಿಬ್ಬರ ನಡುವೆ ಇದ್ದದ್ದೇ ಇಲ್ಲ.

"ನಕ್ಷೆಯವ್ರು ಬಂದಿದ್ರಂತೆ ಮೇಡಂ. ಏನ್ ಕೇಳುದ್ರು?"

"ಗುಡಿ ಎಷ್ಟು ಹಳೇದು ಅಂದ್ಲು. ನಾವು ಆಮೇಲೆ ಬಂದೋರು, ನಂಗೇನು ಗೊತ್ತು."

"ತಾತನ ಕಾಲದ್ದು ಅನ್ಬಿಡಿ. ಅಷ್ಟು ಸಾಕು."

ಅವರು ಹೋದ ಮೇಲೆ ಬಟ್ಟೆ ಒಣಹಾಕುತ್ತ ಯೋಚಿಸಿದೆ. ನನ್ನ ಮನೆ ಉಳಿಯಲಿ ಅಂತ ಬಯಸುವ ಮನುಷ್ಯ ಅಲ್ಲ ಅದು. ಮತ್ತೆ ನನಗೇಕೆ ಉತ್ತರ ಕಲಿಸಿಕೊಡಬೇಕು? ಇನ್ನೊಂದು ಸಂಗತಿಯೂ ತಲೆಗೆ ಬಂತು. ಹೋದ ಮಳೆಗಾಲದಲ್ಲಿ ನೀರು ನುಗ್ಗಿದ್ದು ಅವರ ಕೆಳಗಿನ ರೂಮುಗಳಿಗೆ. ರಾಯಚೂರಿನ ಕಡೆಯ ಹೆಂಗಸೊಬ್ಬಳು ಮಗುವನ್ನೂ ಹಿಟ್ಟಿನ ಡಬ್ಬವನ್ನೂ ತಂದು ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮ್ಯಾನ್‌ಹೋಲ್ ಕಟ್ಟಿಕೊಂಡಿದೆ ಅಂತ ಓನರ್ ಸಮಜಾಯಿಷಿ ಕೊಟ್ಟಿದ್ದರು. ನಮ್ಮ ಅಡುಗೆಮನೆಗೆ ಒಂದು ಹನಿಯೂ ಬಂದಿರಲಿಲ್ಲ. ನೀರಿನ ಹಳೆಯ ದಾರಿ ನಮ್ಮದಾಗಿದ್ದರೆ ನೀರಿಗೇ ಅದು ಮರೆತುಹೋಯಿತೇ?

ಓನರ್ ತಾಯಿ ಶುಕ್ರವಾರ ಗುಡಿಗೆ ದೀಪ ಹಚ್ಚಲು ಬಂದವರು ಎಂದಿನಂತೆ ಮಂಡಿ ನೋವೆಂದು ನಮ್ಮ ಮೆಟ್ಟಿಲ ಮೇಲೆ ಕೂತರು. ನಾನು ನೀರು ತಂದುಕೊಟ್ಟು, ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತೆ.

"ಈ ಗುಡಿ ನಿಮ್ಮ ಮಾವನವರ ಕಾಲದ್ದಾ ಅಜ್ಜಿ?"

"ಇದಾ? ಇದೆಲ್ಲ ಈಚೀಚ್ಗೆ ಕಣವ್ವ. ಅಮ್ಮ ಮದ್ಲು ಅಲ್ಲಿದ್ಲು," ಅಂತ ರಸ್ತೆಯಾಚೆ, ತಮ್ಮದೇ ಕಟ್ಟಡದ ಪಕ್ಕದ ಬೇವಿನ ಮರದ ಕಡೆ ಗದ್ದ ಚಾಚಿ ತೋರಿಸಿದರು. "ರಸ್ತೆ ಅಗ್ಲ ಮಾಡ್ವಾಗ ಅಡ್ಡ ಬತ್ತದೆ ಅಂತ ಈ ಕಡೀಕೆ ತಂದು ಕೂರ್ಸುದ್ರು. ಅವ್ಳೂ ತಕರಾರು ಮಾಡ್ಲಿಲ್ಲ. ಸರ್ಕಾರದೋರು ಅಂದ್ರೆ ಅಮ್ಮಂಗೂ ಒಸಿ ಭಯ."

"ಆಗ ಕಾಲುವೆ ಎಲ್ಲಿತ್ತು?"

"ಅಮ್ಮನ ಬೆನ್ನಿಗೇ. ನಾವು ಬಟ್ಟೆ ಒಗೀತಿದ್ದದ್ದೇ ಅಲ್ಲಿ." ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. "ಯಾಕಿಂಗೆ ಕೇಳ್ತೀಯ?"

"ಸುಮ್ನೆ," ಅಂದೆ.

ಅಜ್ಜಿಯ ಮಾತನ್ನೂ ನಾನು ತಕ್ಷಣ ನಂಬಲಿಲ್ಲ. ವಯಸ್ಸಾದವರು, ಮಗನ ಮೇಲೆ ಏನು ಸಿಟ್ಟಿದೆಯೋ. ಹಾಲು ತರಲು ಹೋದಾಗ ಬೇವಿನ ಮರದ ಹತ್ತಿರ ನಿಂತು ನೋಡಿದೆ. ಬುಡದ ಒಂದು ಕಡೆ ಎಷ್ಟೋ ವರ್ಷದ ದೀಪದೆಣ್ಣೆ ಕುಡಿದು ಕಪ್ಪಾಗಿತ್ತು. ದಿನಾ ಹಾದುಹೋಗುವ ಮರ. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಹುಡುಗಿಗೆ ಫೋನ್ ಮಾಡಿ, ಗುಡಿ ಮೊದಲು ಬೇವಿನ ಮರದ ಹತ್ತಿರ ಇತ್ತಂತೆ ಅಂದೆ.

ಈ ಸಲ ಅನುಮಾನ ಪಡುವ ಸರದಿ ಅವಳದು. "ನಿಮ್ಮನೆ ಮೇಲೆ ಗೆರೆ ಇದೆ ಅಂತ ಹೀಗೆ ಹೇಳ್ತಿಲ್ಲ ತಾನೆ ಆಂಟಿ?"

"ಅದಕ್ಕೂ ಹೌದು. ನನ್ನ ಮಾತು ನಂಬಬೇಡ, ಬಂದು ನೋಡು."

ಬಂದಳು. ರಸ್ತೆ ಅಗಲವಾಗುವುದಕ್ಕೆ ಮುಂಚಿನ ಉಪಗ್ರಹ ಚಿತ್ರವನ್ನು ಎಲ್ಲಿಂದಲೋ ಹುಡುಕಿ ತಂದಿದ್ದಳು. ಅದನ್ನು ದೊಡ್ಡದು ಮಾಡಿದಾಗ ಬೇವಿನ ನೆರಳಿನ ಅಂಚಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಸೂರು ಕಂಡಿತು. ಈಗ ಗುಡಿಯಿರುವ ಕಡೆ ಬರೀ ಖಾಲಿ ಮಣ್ಣು. ಅವಳು ಮರದ ಕೆಳಗೇ ನಿಂತು ಈಗಿನ ಗುಡಿಯ ಗುರುತು ಅಳಿಸಿ, ಹಳೆಯ ಜಾಗಕ್ಕೆ ಹೊಸ ಗುರುತು ಕೊಟ್ಟಳು. ಪರದೆಯ ಮೇಲೆ ನಕ್ಷೆ ಒಮ್ಮೆ ಅಲುಗಿ ನೆಟ್ಟಗೆ ಕೂತಿತು. ನೀಲಿ ಗೆರೆ ನಮ್ಮ ಅಡುಗೆಮನೆ ಬಿಟ್ಟು, ರಸ್ತೆ ದಾಟಿ, ಎದುರು ಕಟ್ಟಡದ ಕೆಳಗಿನ ರೂಮುಗಳ ಮೇಲೆ ಹೋಗಿ ನಿಂತಿತು.

ನನಗೆ ಉಸಿರು ಸಲೀಸಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ಆ ಹೆಂಗಸು ಬಿಂದಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ನಮ್ ರೂಮಿನಾಗ ಕಾಲುವಿ ಐತೇನ್ರಿ ಅಕ್ಕಾರ? ಓನರ್ ಮ್ಯಾನ್‌ಹೋಲ್ ಅಂದಿದ್ರಲ್ರಿ."

ಹುಡುಗಿ ಅವಳಿಗೂ ಚಿತ್ರ ತೋರಿಸಿದಳು. ಆ ಹೆಂಗಸು ತನ್ನ ರೂಮಿನ ಮೇಲೆ ಬೆರಳಿಟ್ಟು ನೋಡಿದಳು. ಆ ವಾರವೇ ಬೇರೆ ರೂಮು ನೋಡಿಕೊಂಡು ಹೋದಳು. ಅವಳ ಹಿಂದೆ ಇನ್ನೊಂದು ಸಂಸಾರವೂ ಹೋಯಿತು.

ಓನರ್ ನಮ್ಮ ಗೇಟಿಗೆ ಬಂದಾಗ ಅವರ ತಾಯಿ ನಮ್ಮ ಮೆಟ್ಟಿಲ ಮೇಲೆಯೇ ಇದ್ದರು.

"ಗುಡಿ ಆ ಕಡೆಯಿಂದ ಬಂದಿದ್ದು ಅಂತ ಯಾರ್ ಹೇಳಿದ್ದು ಮೇಡಂ?"

"ಹಳೇ ಚಿತ್ರದಲ್ಲೇ ಇತ್ತಲ್ಲ," ಅಂದೆ.

"ಚಿತ್ರ ತೆಗೆದು ನೋಡು ಅಂತ ಯಾರೋ ಹೇಳಿರ್ಬೇಕಲ್ಲ."

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, "ಊರೋರ್ಗೆಲ್ಲ ಗೊತ್ತಿದ್ದದ್ದೇ ಕಣಪ್ಪ. ಯಾರೋ ಅಂದಿರ್ತಾರೆ, ಬುಡು," ಅಂದರು.

"ಗೊತ್ತಿರೋರೆಲ್ಲ ನಮ್ಮೋರೇ ಅಲ್ವೇನವ್ವ," ಅಂದರು ಓನರ್, ಮೆಲ್ಲಗೆ.

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದರು. ಹೇಳಿದ್ದು ಅವರೇ ಅಂತ ನಾನೂ ಬಾಯಿ ಬಿಡಲಿಲ್ಲ. ಚಿಕ್ಕಪ್ಪನ ಮಕ್ಕಳೇ ಹೇಳಿದ್ದು ಅಂದುಕೊಂಡು ಓನರ್ ಈಗ ಅವರ ಜೊತೆ ಮಾತು ಬಿಟ್ಟಿದ್ದಾರೆ ಅಂತ ಹಾಲಿನ ಅಂಗಡಿಯಲ್ಲಿ ಕೇಳಿದೆ. ಅಜ್ಜಿ ಶುಕ್ರವಾರ ದೀಪ ಹಚ್ಚಿ, ಕೂರದೆ, ಹಾಗೇ ಹೊರಟುಹೋಗುತ್ತಾರೆ.