ಪ್ಲಾಟ್‌ಫಾರ್ಮಿನ ಮಂದಿ

ಕಸಬರಿಗೆಯ ತುದಿ ತಾಗಿದ್ದು ಮೇಜಿನ ಕಾಲಿಗೆ ಮಾತ್ರ. ಆದರೂ ಮೇಲೆ ನಿಂತಿದ್ದ ಗೇಣುದ್ದದ ನೀಲಿ ಇಂಜಿನ್ನು ಹಳಿಯಿಂದ ಜಾರಿ ಪಕ್ಕಕ್ಕೆ ವಾಲಿತು. ಜಗದೇವಿ ಅದನ್ನು ಎತ್ತಿ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಗಂಡನ ಅಂಗೈ ಅವಳ ಕಿವಿಯ ಮೇಲೆ ಬಿತ್ತು. ಕಣ್ಣು ಕತ್ತಲಿಟ್ಟು ಆಕೆ ಗೋಡೆ ಹಿಡಿದು ನಿಂತಳು.

"ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಲಿ ನಿನಗ?"

ಮಹೇಶಕುಮಾರ ಎರಡೂ ಕೈಯಿಂದ ಇಂಜಿನ್ನನ್ನು ಎತ್ತಿಕೊಂಡ. ಗಾಲಿಗೆ ಸುತ್ತಿದ್ದ ಕೂದಲೆಳೆಯನ್ನು ಚಿಮಟದಿಂದ ಬಿಡಿಸಿ, ಮೆಲ್ಲಗೆ ಊದಿ, ಹಳಿಯ ಮೇಲಿಟ್ಟ. ಗಾಲಿಗಳು ನೆಟ್ಟಗೆ ಕೂತವೋ ಇಲ್ಲವೋ ಎಂದು ಬಗ್ಗಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡಿದ. ಹೆಂಡತಿಯ ಕಡೆ ತಿರುಗಲಿಲ್ಲ. ಅಂದಿನಿಂದ ಜಗದೇವಿಗೆ ಎಡಗಿವಿ ಮಂದ.

ಬಸವಕಲ್ಯಾಣದಲ್ಲಿ ಅವನಿಗೆ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪಿನ ಮೋಟರ್ ಬಿಚ್ಚಿ, ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸುತ್ತು ತಪ್ಪದಂತೆ ಸುತ್ತುವುದರಲ್ಲಿ ಅವನು ಎತ್ತಿದ ಕೈ. ಆ ಊರಿಗೆ ರೈಲು ಬರುವುದಿಲ್ಲ. ಗಾಡಿ ನೋಡಬೇಕೆಂದರೆ ಹುಮನಾಬಾದಿಗೆ ಹೋಗಬೇಕು. ಅಲ್ಲಿನ ಸ್ಟೇಷನ್ನಿನಲ್ಲಿ ಮೊದಲ ಸಲ ಗಾಡಿ ನಿಂತದ್ದನ್ನು ನೋಡಿ ಬಂದವನಿಗೆ ಆಟಿಕೆ ರೈಲಿನ ಹುಚ್ಚು ಹಿಡಿಯಿತು. ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟ ಇಂಜಿನ್ನು, ಡಬ್ಬಿ, ಹಳಿಗಳನ್ನು ತಂದ. ಪ್ಲೈವುಡ್ ಹಲಗೆಗಳನ್ನು ಜೋಡಿಸಿ, ಮನೆಯ ಪಡಸಾಲೆ ತುಂಬುವಂಥ ಮೇಜು ಮಾಡಿಸಿದ. ಅದರ ಮೇಲೆ ಹುಮನಾಬಾದ್ ಸ್ಟೇಷನ್ ಎದ್ದಿತು. ಹಳದಿ ಬೋರ್ಡು, ಕಪ್ಪಕ್ಷರ, ಸಿಗ್ನಲ್ಲು, ಹಳೆಯ ಪೇಪರು ನೆನೆಸಿ ಮಾಡಿದ ಗುಡ್ಡ, ಗುಡ್ಡ ಕೊರೆದು ಗಾಡಿ ಹಾಯಲೊಂದು ಬೋಗದ. ಜಗದೇವಿ, ಮಗಳು ಭಾಗ್ಯಶ್ರೀ, ಅತ್ತೆ ಗಯಾಬಾಯಿ ಮೂವರೂ ಅಡುಗೆಮನೆಗೆ ಸರಿದರು.

ಅವನ ಈ ಹುಚ್ಚಿಗೆ ಜೊತೆಯಾದವರು ಇಬ್ಬರು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಅಸದ್, ಮತ್ತು ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಧಮ್ಮಪಾಲ. ಭಾನುವಾರ ಮೂವರೂ ಕೂಡುತ್ತಿದ್ದರು. ಬೆಳಗಿನಿಂದ ಸಂಜೆತನಕ ಹಳಿ ಉಜ್ಜುವುದು, ತಿರುವಿನಲ್ಲಿ ಡಬ್ಬಿ ಯಾಕೆ ಬೀಳುತ್ತದೆಂದು ವಾದ ಹೂಡುವುದು, ಮತ್ತೆ ಓಡಿಸುವುದು.

"ನಿಮ್ಮವರ ಸಬೂರಿ ಭಾಳ ದೊಡ್ಡದ್ರಿ ಭಾಭಿ" ಎಂದ ಅಸದ್ ಒಮ್ಮೆ, ಚಹಾದ ಕಪ್ಪು ಎತ್ತಿಕೊಳ್ಳುತ್ತ. "ಒಂದ್ ತಿರುವಿಗೆ ವಾರ ಕೂಡ್ತಾರ. ನಮ್ಮ ಕೈಲಿ ಆಗಂಗಿಲ್ಲ."

ಜಗದೇವಿಯ ಕೆಳದುಟಿ ಸೀಳಿ ಊದಿಕೊಂಡಿತ್ತು. ಸೆರಗು ಎಳೆದುಕೊಂಡು ಒಳಗೆ ಹೋದಳು. ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅದಕ್ಕೂ ಹಿಂದೆ ಕರೆಂಟು ಹೋಗಿ ಗಾಡಿ ಬೋಗದದೊಳಗೆ ನಿಂತಾಗ ಅವಳ ಬೆನ್ನು ಹಣ್ಣಾಗಿತ್ತು. ಹೊಡೆಯಲು ಅವನಿಗೆ ಕಾರಣ ಬೇಕಿರಲಿಲ್ಲ. ಸಿಟ್ಟಿಗೆ ಕೈ ಬೇಕಿತ್ತು, ಕೈಗೆ ಅವಳ ಮೈ ಬೇಕಿತ್ತು.

ಇಷ್ಟಾದರೂ ಆ ಮೇಜನ್ನು ದ್ವೇಷಿಸಲು ಜಗದೇವಿಯಿಂದ ಆಗಲಿಲ್ಲ. ಗಂಡ ಅಂಗಡಿಗೆ ಹೋದ ಮೇಲೆ ಆಕೆ ಅದರ ಮುಂದೆ ನಿಂತು ನೋಡುತ್ತಿದ್ದಳು. ಸ್ಟೇಷನ್ನು ಚೆಂದ ಇತ್ತು, ಆದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಡಿ ಬರುತ್ತಿತ್ತು, ಹೋಗುತ್ತಿತ್ತು, ಇಳಿಯುವವರಿಲ್ಲ, ಹತ್ತುವವರಿಲ್ಲ. ಒಂದು ಮಧ್ಯಾಹ್ನ ಆಕೆ ಬೆಂಕಿಕಡ್ಡಿ ಮುರಿದು, ತಂತಿ ಸುತ್ತಿ, ಮೇಲೆ ಗೋಡೆಗೆ ಮೆತ್ತುವ ಪುಟ್ಟಿ ಹಚ್ಚಿ, ಉಗುರಿನಷ್ಟೆತ್ತರದ ಒಬ್ಬ ಹೆಂಗಸನ್ನು ಮಾಡಿದಳು. ರವಿಕೆ ತುಣುಕಿನಿಂದ ಸೀರೆ, ತಲೆಯ ಮೇಲೆ ರೊಟ್ಟಿ ಗಂಟು. ಅದು ನಿಂತಿತು. ಜಗದೇವಿಗೆ ತನ್ನಷ್ಟಕ್ಕೆ ನಗು ಬಂತು. ಮುಂದೆ ರುಮಾಲಿನ ಹಮಾಲ, ಬುರ್ಖಾ ತೊಟ್ಟ ತಾಯಿ ಮತ್ತು ಅವಳ ಬೆರಳು ಹಿಡಿದ ಕೂಸು, ಬೀಡಿ ಸೇದುತ್ತ ಕುಕ್ಕರಗಾಲಲ್ಲಿ ಕೂತ ಬಿಳಿಗಡ್ಡದ ಮುದುಕ, ಒಬ್ಬೊಬ್ಬರಾಗಿ ಪ್ಲಾಟ್‌ಫಾರ್ಮಿಗೆ ಬಂದರು.

ಮಹೇಶಕುಮಾರ ನೋಡಿದ. ಹೊಡೆಯಲಿಲ್ಲ. ಗೆಳೆಯರು ಬಂದು ಹುಬ್ಬೇರಿಸಿ "ಇವರನ್ನ ಯಾರ್ ಮಾಡ್ಯಾರ?" ಎಂದು ಕೇಳಿದಾಗ "ನಾನ ಮಾಡೀನಿ" ಎಂದ. ಜಗದೇವಿ ಚಹಾ ಸೋಸುತ್ತಿದ್ದಳು. ತನ್ನ ಮಂದಿ ಅಲ್ಲಿ ನಿಂತಿದ್ದರೆ ಸಾಕು ಎನಿಸಿತ್ತು.

ಹುಮನಾಬಾದಿನ ಒಂದು ಮದುವೆ ಹಾಲಿನಲ್ಲಿ ಕೈಕೆಲಸದ ಪ್ರದರ್ಶನ ಇಟ್ಟಾಗ ಮೂವರು ಗೆಳೆಯರು ಮೇಜನ್ನು ಬಿಡಿಬಿಡಿಯಾಗಿ ಕಳಚಿ ಟೆಂಪೋದಲ್ಲಿ ಒಯ್ದರು. ಜಗದೇವಿ, ಭಾಗ್ಯಶ್ರೀ ಕೂಡ ಜೊತೆಗೆ ಹೋದರು. ಜನ ಮುಗಿಬಿದ್ದರು. ಆದರೆ ಗಾಡಿಗಿಂತ ಹೆಚ್ಚಾಗಿ ಅವರು ಬೆರಳು ಮಾಡಿ ತೋರಿಸುತ್ತಿದ್ದುದು ಪ್ಲಾಟ್‌ಫಾರ್ಮನ್ನು. ಧಮ್ಮಪಾಲನ ಹೆಂಡತಿ ಸರಿತಾ ಬಗ್ಗಿ ನೋಡಿ, "ಈ ಮುದುಕನ ಗಡ್ಡ ಎದರಿಂದ ಮಾಡೀರ್ರಿ ಅಣ್ಣಾರ?" ಎಂದು ಕೇಳಿದಳು.

ಮಹೇಶಕುಮಾರ ತಾನೂ ಬಗ್ಗಿ ಆ ಗಡ್ಡವನ್ನು ನೋಡತೊಡಗಿದ.

"ಅವ್ವ ಮಾಡ್ಯಾಳ" ಎಂದಳು ಭಾಗ್ಯಶ್ರೀ. "ಹತ್ತಿ ಹಿಂಜಿ ಮಾಡ್ಯಾಳ. ಎಲ್ಲಾ ಮಂದಿ ಅಕಿನ ಮಾಡ್ಯಾಳ."

ಸುತ್ತಲಿದ್ದವರು ಜಗದೇವಿಯತ್ತ ತಿರುಗಿದರು. ಸರಿತಾ ಅವಳ ಕೈ ಹಿಡಿದು ಬೆರಳುಗಳನ್ನು ನೋಡಿದಳು. ಮಹೇಶಕುಮಾರನೂ ಎಲ್ಲರ ಜೊತೆ ನಕ್ಕ. "ಹೌದೌದು, ಮನ್ಯಾಗ ಕೂತು ಏನರ ಮಾಡಬೇಕಲ್ಲ" ಎಂದ. ಆ ನಗೆ ಕಂಡು ಜಗದೇವಿ ಸರಿತಾಳಿಂದ ಕೈ ಬಿಡಿಸಿಕೊಂಡಳು.

ಮರುದಿನ ಮಧ್ಯಾಹ್ನ ಮಹೇಶಕುಮಾರ ಮೇಜನ್ನು ಮತ್ತೆ ಜೋಡಿಸಿ, ಕಡಿದ ತಂತಿಗಳಿಗೆ ಬೆಸುಗೆ ಹಾಕುತ್ತ ಅವಳನ್ನು ಕರೆದ.

"ಬಾ ಇಲ್ಲಿ. ಈ ತಂತಿ ಹಿಡಿ."

ಆಕೆ ಹಿಡಿದಳು. ಅವನು ಎಡಗೈಯಿಂದ ಅವಳ ಮಣಿಕಟ್ಟನ್ನು ಹಲಗೆಗೆ ಒತ್ತಿ, ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವಳ ಬಲಗೈಯ ಬೆನ್ನಿಗೆ ಇಟ್ಟ. ಆತುರವಿಲ್ಲದೆ ಇಟ್ಟ. ಚರ್ಮ ಸುಟ್ಟ ವಾಸನೆ ಪಡಸಾಲೆ ತುಂಬಿತು. ಜಗದೇವಿ ಚೀರಿದಳು. ಒಳಗೆ ಗಯಾಬಾಯಿ ಟಿವಿಯ ದನಿ ಏರಿಸಿದಳು.

"ಈಗ ಮಾಡು ಗಡ್ಡ" ಎಂದ ಅವನು.

ಪಕ್ಕದ ಮನೆಯ ಬಿಸ್ಮಿಲ್ಲಾ ಬೀ ಸುಟ್ಟ ಕೈಗೆ ತಣ್ಣೀರು ಸುರಿದು, ಅರಿವೆ ಸುತ್ತಿ, ಅತ್ತಳು. "ಬೇಟೀ, ಇವ ನಿನ್ನ ಕೊಂದ್ ಹಾಕ್ತಾನ. ಗಟ್ಟಿಯಾಗಿ ಒದರು, ನಾ ಬರ್ತೀನಿ."

ಗಾಯ ಮಾಯುವವರೆಗೂ ಜಗದೇವಿ ಸುಮ್ಮನಿರಲಿಲ್ಲ. ಎಡಗೈಯಲ್ಲಿ ಕುಂಚ ಹಿಡಿಯಲು ಕಲಿತಳು. ಎಡಗೈಯ ಮಂದಿ ಮೊದಮೊದಲು ಸೊಟ್ಟಗಿದ್ದರು. ಆಮೇಲೆ ನೆಟ್ಟಗಾದರು. ಅವರನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದಳು.

ಒಂದು ದಿನ ಮಹೇಶಕುಮಾರ ಊಟಕ್ಕೆ ಬೇಗ ಬಂದ. ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಒಣಗಲು ನಿಂತಿದ್ದವರನ್ನು ಕಂಡ. ಚಪ್ಪಲಿ ಕಾಲಲ್ಲಿ ಒಬ್ಬೊಬ್ಬರನ್ನೇ ತುಳಿದ. ಜಗದೇವಿ ಬಗ್ಗಿ ಕೈ ಅಡ್ಡ ಇಟ್ಟಾಗ ಕೈಯನ್ನೂ ತುಳಿದ. ಕೂದಲು ಹಿಡಿದು ಪಡಸಾಲೆಗೆ ಎಳೆದು ತಂದು, ಮೇಜಿನ ಅಂಚಿಗೆ ಹಣೆ ಬಡಿದ. ರಕ್ತ ಹುಬ್ಬಿನಿಂದ ಇಳಿದು ಕಣ್ಣು ತುಂಬಿತು. ಶಾಲೆಗೆ ರಜೆ ಇದ್ದುದರಿಂದ ಮನೆಯಲ್ಲೇ ಇದ್ದ ಭಾಗ್ಯಶ್ರೀ ಓಡಿ ಬಂದು ಅಪ್ಪನ ಸೊಂಟಕ್ಕೆ ಜೋತುಬಿದ್ದಳು. ಅವನು ಮಗಳ ತೋಳು ತಿರುವಿ ಗೋಡೆಗೆ ಎಸೆದ. ತೋಳಿನೊಳಗೆ ಏನೋ ಲಟಕ್ಕೆಂದದ್ದು ಜಗದೇವಿಯ ಮಂದ ಕಿವಿಗೂ ಕೇಳಿಸಿತು.

ಹಲಗೆಗಳನ್ನು ಬಿಗಿಯುವ ಕಬ್ಬಿಣದ ಕ್ಲ್ಯಾಂಪು ಮೇಜಿನ ಮೇಲೆ ಇತ್ತು. ಕೈಗೆ ಅದೇ ಸಿಕ್ಕಿತು. ಮಹೇಶಕುಮಾರ ತಿರುಗುವಾಗ ಆಸರೆಗೆ ಬಲಗೈಯನ್ನು ಹಳಿಗಳ ಮೇಲೆ ಊರಿದ್ದ. ಜಗದೇವಿ ಆ ಕೈಯ ಮೇಲೆ ಹೊಡೆದಳು. ಅವನು ಕೂಗಿ ಮಂಡಿಯೂರಿದ. ಕೈ ಎಳೆದುಕೊಳ್ಳಲು ಅವನಿಂದ ಆಗಲಿಲ್ಲ. ಆಕೆ ಇನ್ನೊಮ್ಮೆ ಹೊಡೆದಳು, ಮತ್ತೊಮ್ಮೆ ಹೊಡೆದಳು. ಬೆರಳುಗಳು ಜಜ್ಜಿದವು, ಕೆಳಗಿನ ಹಳಿ ಬಾಗಿತು. ಮೊದಲ ಏಟು ಮಗಳಿಗಾಗಿ. ಉಳಿದವು ಯಾರಿಗಾಗಿಯೂ ಅಲ್ಲ. ಅವು ಹಿತವಾಗಿದ್ದವು. ಆ ಹಿತವನ್ನು ಆಕೆ ಮುಂದೆ ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಬಿಸ್ಮಿಲ್ಲಾ ಬೀ ಬಾಗಿಲು ದೂಡಿಕೊಂಡು ಬಂದವಳು ತಾಯಿ ಮಗಳನ್ನು ಹೊರಗೆ ಎಳೆದು, ಆಟೋ ಹತ್ತಿಸಿ ಆಸ್ಪತ್ರೆಗೆ ಒಯ್ದಳು.

ಎರಡೂ ಕಡೆಯಿಂದ ಪೊಲೀಸ್ ಕೇಸಾಯಿತು. ನಾರಾಯಣಪುರದಿಂದ ಜಗದೇವಿಯ ಅಣ್ಣ ಬಂಡೆಪ್ಪ ಬಂದ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಕೂತ ತಂಗಿಯನ್ನು ನೋಡಿ, "ಗಂಡನ ಕೈ ಮುರದೀಯಲ್ಲವಾ. ಇನ್ನ ಅಂವ ದುಡಿಯೂದ ಹ್ಯಾಂಗ? ತಪ್ಪಾತು ಅಂತ ಹೇಳಿ ತಿರುಗಿ ಹೋಗು" ಎಂದ.

"ಅಂವ ನನ್ನ ಕೈ ಸುಟ್ಟಾಗ ನೀ ಎಲ್ಲಿದ್ದಿ ಅಣ್ಣಾ?"

"ಗಂಡ್ಸು ಅಂದ್ರ..."

"ಮುಂದ ಮಾತಾಡಬ್ಯಾಡ. ನನ್ನ ಕೈಯಾಗ ಈಗ ಏನೂ ಇಲ್ಲ. ಆದ್ರೂ ಮಾತಾಡಬ್ಯಾಡ."

ಬಂಡೆಪ್ಪ ಟೊಪ್ಪಿಗೆ ಹಾಕಿಕೊಂಡು ಎದ್ದು ಹೋದ.

ಸರಿತಾ ಹುಮನಾಬಾದಿನಲ್ಲಿ ತಮ್ಮ ಓಣಿಯಲ್ಲೇ ಬಾಡಿಗೆಗೆ ಒಂದು ಖೋಲಿ ನೋಡಿಕೊಟ್ಟಳು. ಧಮ್ಮಪಾಲ ತನ್ನ ಕಾರ್ಖಾನೆಯಲ್ಲಿ ಮಾತಾಡಿ ಪ್ಯಾಕಿಂಗ್ ಕೆಲಸ ಕೊಡಿಸಿದ. ಗುಳಿಗೆಯ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ, ದಿನವೆಲ್ಲ ನಿಂತೇ ಮಾಡಬೇಕು. ಮಗಳ ತೋಳಿನ ಪ್ಲಾಸ್ಟರು ಬಿಚ್ಚಿದ ಮೇಲೆ ಒಂದು ಭಾನುವಾರ ಧಮ್ಮಪಾಲ ಮತ್ತು ಅಸದ್ ಬಂದರು. ಅಸದ್ ಒಂದು ಪೊಟ್ಟಣ ಮುಂದಿಟ್ಟ. ಅದರಲ್ಲಿ ಹಳಿಯ ತುಂಡುಗಳು, ಒಂದು ಸಣ್ಣ ಇಂಜಿನ್ನು.

"ಮಹೇಶನ ಮನಿಗಿ ನಾವು ಹೋಗೂದು ಬಿಟ್ಟೀವ್ರಿ ಭಾಭಿ. ನೀವು ನಮ್ ಜೋಡಿ ಕೂಡಬೇಕು."

"ನೀವು ಚಹಾ ಕುಡೀವಾಗ ನನ್ನ ತುಟಿ ಸೀಳಿತ್ತು ಅಸದ್ ಭಾಯ್" ಎಂದಳು ಜಗದೇವಿ. "ಕಂಡಿದ್ದಿಲ್ಲೇನ್ರಿ?"

ಧಮ್ಮಪಾಲ ಹೇಳಿದ: "ಕಂಡಿದ್ವಿರಿ ವೈನಿ. ಗಾಡಿ ನಿಲ್ಲಬಾರದು ಅಂತ ಸುಮ್ಮಕ ಇದ್ವಿ."

ಆಕೆ ಅವರನ್ನು ಕ್ಷಮಿಸಿದೆ ಎನ್ನಲಿಲ್ಲ. ಪೊಟ್ಟಣವನ್ನು ಒಳಗೆ ತೆಗೆದಿಟ್ಟುಕೊಂಡಳು.

ಖೋಲಿಯ ಕಿಟಕಿಯ ಕೆಳಗೆ ಒಂದು ಹಲಗೆ ಬಂತು. ಆಕೆ ಮಾಡಲು ಹೊರಟದ್ದು ರೈಲ್ವೆ ಗೇಟು. ಗೇಟು ಬಿದ್ದಿದೆ, ಆಚೀಚೆ ಟ್ರ್ಯಾಕ್ಟರು, ಟಂಟಂ ಆಟೋ, ತೊಗರಿ ಚೀಲ ಹೇರಿದ ಲಾರಿ, ಕೆಳಗೆ ನುಸುಳುವ ಸೈಕಲ್ಲು. ಮಂದಿಯನ್ನು ಮಾಡುವುದು ಸಲೀಸು. ಹಳಿಗೆ ತಂತಿ ಬೆಸೆಯುವುದೇ ಕಷ್ಟ. ಧಮ್ಮಪಾಲ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಕೈಗಿತ್ತ ಮೊದಲ ದಿನ, ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಜಗದೇವಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಮುಂದಿನ ಭಾನುವಾರವೂ ಹಾಗೇ ಆಯಿತು. ಆಮೇಲಿನ ಭಾನುವಾರ ಮೂಗಿಗೆ ಅರಿವೆ ಕಟ್ಟಿಕೊಂಡು ಕೂತಳು. ತವರದ ಹನಿ ಹಲಗೆಯ ಮೇಲೆಲ್ಲ ಚೆಲ್ಲಿತು. ಕೊನೆಗೊಮ್ಮೆ ತಂತಿ ಹಳಿಗೆ ಕಚ್ಚಿತು. ಇಂಜಿನ್ನು ಗೇಟಿನ ತನಕ ತೆವಳಿ, ದಾಟಿ, ಹಲಗೆಯ ಆ ತುದಿಯಲ್ಲಿ ನಿಂತಿತು. ಸರಿತಾ ಚಪ್ಪಾಳೆ ತಟ್ಟಿದಳು.

ಮಹೇಶಕುಮಾರ ಒಮ್ಮೆ ಬಂದ. ಅವನ ಬೆರಳುಗಳು ನೆಟ್ಟಗಾಗಿರಲಿಲ್ಲ, ವೈಂಡಿಂಗ್ ಅಂಗಡಿ ಮುಚ್ಚಿತ್ತು. ಹಾಡಹಗಲೇ ಕುಡಿದು, ಓಣಿಯ ನಡುವೆ ನಿಂತು ಬಾಯಿಗೆ ಬಂದದ್ದು ಬೈದ. ಎಡಗೈಯಿಂದ ಎಸೆದ ಕಲ್ಲು ಕಿಟಕಿ ಒಡೆಯಿತು. ಜಗದೇವಿ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಸಲಾಕೆ ಹಿಡಿದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಅವನು ಅವಳ ಕೈಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ, ಬೈಯುತ್ತಲೇ ಹಿಂದೆ ಸರಿದ. ಓಣಿಯ ಹೆಂಗಸರು ಜಗದೇವಿಯ ಧೈರ್ಯವನ್ನು ಹೊಗಳಿದರು. ಆಕೆಗೆ ಮಾತ್ರ, ಅವನು ಇನ್ನೊಂದು ಹೆಜ್ಜೆ ಮುಂದೆ ಬಂದಿದ್ದರೆ ಚೆನ್ನಾಗಿತ್ತು ಎನಿಸಿತ್ತು.

ಅದಾಗಿ ಕೆಲವು ದಿನಕ್ಕೆ ಭಾಗ್ಯಶ್ರೀ ಶಾಲೆಯ ಚೀಲ ಎಸೆದಾಗ ಅದರ ಪಟ್ಟಿ ಹಲಗೆಯ ಗೇಟಿಗೆ ಸಿಕ್ಕಿತು. ಗೇಟು ಮುರಿಯಿತು. ಇಂಜಿನ್ನು ನೆಲಕ್ಕೆ ಬಿದ್ದು ಅದರ ಮುಂಬದಿ ಒಡೆಯಿತು. ಜಗದೇವಿಯ ಕೈ ತಾನಾಗಿ ಎದ್ದಿತು. ಮಗಳ ಕೆನ್ನೆಗೆ ಬಿತ್ತು, ಬೆನ್ನಿಗೆ ಬಿತ್ತು, ಮತ್ತೆ ತಲೆಗೆ ಬಿತ್ತು. "ಎಷ್ಟ್ ಸಲ ಹೇಳಲಿ ನಿನಗ?" ಎಂದು ಕಿರುಚಿದ ದನಿ ತನ್ನದೇ ಎಂದು ತಿಳಿಯಲು ಹೊತ್ತಾಯಿತು. ಹುಡುಗಿ ಅಳಲಿಲ್ಲ. ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಮೂಲೆಯಲ್ಲಿ ಮುದುಡಿ ಕೂತು, ಏಟು ಮುಗಿಯುವುದನ್ನೇ ಕಾದಳು. ಕಾಯಲು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಜಗದೇವಿಯ ಕೈ ಕೆಳಗಿಳಿದಾಗ ಭಾಗ್ಯಶ್ರೀ ಎದ್ದು, ಚಪ್ಪಲಿ ಮೆಟ್ಟದೆ ಸರಿತಾಳ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಜಗದೇವಿಯೂ ಹೋದಳು. ಸರಿತಾ, ಧಮ್ಮಪಾಲ ಇಬ್ಬರೂ ಇದ್ದರು. "ನಾ ಹೊಡದೀನಿ" ಎಂದಳು ಬಾಗಿಲಲ್ಲೇ ನಿಂತು. "ಬಿದ್ದೀನಿ ಅಂತ ಅಕಿ ಹೇಳಿರಬೇಕು. ಬಿದ್ದಿಲ್ಲ. ನಾ ಹೊಡದೀನಿ."

ಒಳಗಿನಿಂದ ಮಗಳ ದನಿ ಬಂತು. "ನಾ ಬರಂಗಿಲ್ಲ."

"ಬ್ಯಾಡ. ನಿನಗ ಬರಬೇಕನಿಸಿದಾಗ ಬಾ."

ಹುಡುಗಿ ಆ ವಾರವೆಲ್ಲ ಅಲ್ಲೇ ಉಳಿದಳು. ಜಗದೇವಿ ಕೆಲಸ ಮುಗಿಸಿ ದಿನವೂ ಬಾಗಿಲ ತನಕ ಹೋಗಿ, ಬುತ್ತಿ ಕೊಟ್ಟು ಬರುತ್ತಿದ್ದಳು. ಕಡೆಗೊಂದು ಸಂಜೆ ಭಾಗ್ಯಶ್ರೀ ಹೊರಗೆ ಬಂದು ನಿಂತಳು.

"ಆ ಹಲಗಿ ಮನ್ಯಾಗ ಇದ್ರ ನಾ ಬರಂಗಿಲ್ಲ ಅವ್ವಾ."

"ನೀನು ಮಂದಿನ ಮಾಡೂದು ಬಿಡಬ್ಯಾಡ" ಎಂದೂ ಮಗಳೇ ಸೇರಿಸಿದಳು. "ಹಲಗಿ ಅಷ್ಟ ಬ್ಯಾಡ."

ಧಮ್ಮಪಾಲನ ಮನೆಯ ಮೇಲೊಂದು ತಗಡಿನ ಖೋಲಿ ಇತ್ತು. ಭಾನುವಾರ ಬೆಳಿಗ್ಗೆ ಅಸದ್ ಬಸವಕಲ್ಯಾಣದಿಂದ ಬಂದ. ಅಸದ್ ಮತ್ತು ಧಮ್ಮಪಾಲ ಹಲಗೆಯ ಎರಡು ತುದಿ ಹಿಡಿದರು, ಜಗದೇವಿ ನಡುವೆ ಹಿಡಿದಳು. ಓಣಿಯ ಮಂದಿ ದಾರಿ ಬಿಟ್ಟು ನೋಡುತ್ತ ನಿಂತರು. ಅಂದಿನಿಂದ ಭಾನುವಾರದ ಕೆಲಸವೆಲ್ಲ ಆ ತಗಡಿನ ಕೆಳಗೇ ನಡೆಯುತ್ತದೆ. ಸಿಟ್ಟು ಬಂದರೆ ಜಗದೇವಿ ಕುಂಚ ಇಟ್ಟು ಹೊರಗೆ ಮಾಳಿಗೆಯ ಬಯಲಿಗೆ ಹೋಗಿ ನಿಲ್ಲುತ್ತಾಳೆ. ಸಿಟ್ಟು ಇನ್ನೂ ಬರುತ್ತದೆ, ಜೋರಾಗಿಯೇ ಬರುತ್ತದೆ.

ಕೇಸು ಇನ್ನೂ ನಡೆದಿದೆ. ಮನೆಯಲ್ಲಿ ಹಲಗೆ ಇದ್ದ ಜಾಗ ಕೆಲವು ದಿನ ಖಾಲಿ ಇತ್ತು. ಆಮೇಲೆ, ಮನೆಗೆ ಮರಳಿದ್ದ ಭಾಗ್ಯಶ್ರೀ ತನ್ನ ಮಂಚವನ್ನು ಅಲ್ಲಿಗೆ ಎಳೆದುಕೊಂಡಳು, ಕಿಟಕಿಯ ಗಾಳಿ ಬರುತ್ತದೆಂದು.